ಕುದುರೆಮುಖದ ಟ್ರಂಕು: ಒಂದು ಮನೆಯ ಫೋಟೋಗಳ ಪ್ರಕರಣ

ಮೂವರು ಮಕ್ಕಳು, ಒಂದು ಟ್ರಂಕು, ನಾಲ್ಕು ಅಭಿಪ್ರಾಯ. ನಾಲ್ಕನೆಯದು ಅಮ್ಮನದು.

ಟ್ರಂಕು ಇದ್ದದ್ದು ಮಂಗಳೂರಿನ ಕಾವೂರು ಕಡೆಯ ಒಂದು ಮನೆಯಲ್ಲಿ. ಮನೆಯ ಯಜಮಾನರು ಕುದುರೆಮುಖದ ಕಬ್ಬಿಣದ ಅದಿರು ಕಂಪನಿಯಲ್ಲಿ ಕೆಲಸಕ್ಕಿದ್ದವರು. 1979ರಲ್ಲಿ ಸೇರಿದರು. ಗಣಿ ನಿಂತ ಮೇಲೆ, 2006ರಲ್ಲಿ, ಸಂಸಾರ ಸಮೇತ ಘಟ್ಟ ಇಳಿದರು. ಅವರು ಈಗಿಲ್ಲ. ಅವರ ಹೆಂಡತಿ ದೂರದ ಸಂಬಂಧದಲ್ಲಿ ನನಗೆ ದೊಡ್ಡಮ್ಮ ಆಗಬೇಕು. ಹಳೇ ಫೋಟೋ ಸ್ಕ್ಯಾನ್ ಮಾಡುವುದು, ಹಾಳಾಗದ ಹಾಗೆ ಎತ್ತಿಡುವುದು ನನ್ನ ಕಸುಬು. ಹಾಗಾಗಿ ಪಂಚಾಯ್ತಿ ನನ್ನ ಹತ್ತಿರ ಬಂತು. ಮನೆಯವರ ಹೆಸರು ಬೇಡ ಅಂದಿದ್ದಾರೆ, ಬರೆಯುವುದಿಲ್ಲ.

ದೊಡ್ಡ ಮಗ ಕೊಲ್ಲಿಯಲ್ಲಿದ್ದಾನೆ. ಅವನ ಮಾತು: ಮೂರು ಪಾಲು ಮಾಡಿ, ಯಾರ್ಯಾರ ಫೋಟೋ ಅವರವರಿಗೆ. ಮಗಳು ಬೆಂಗಳೂರಿನಲ್ಲಿ. ಎಲ್ಲಾ ಸ್ಕ್ಯಾನ್ ಮಾಡಿ ಡ್ರೈವ್‌ಗೆ ಹಾಕಿ, ಬೂಷ್ಟು ಹಿಡಿದ ಹಳೇದನ್ನು ಬಿಸಾಕೋಣ ಅಂದಳು. ಚಿಕ್ಕವನು ಪುಣೆಯಲ್ಲಿ, ನೀವು ಏನ್ ಮಾಡಿದ್ರೂ ಸರಿ ಅಂದ. ದೊಡ್ಡಮ್ಮ ಮಾತ್ರ, "ನಾನು ಇರೋ ತನಕ ಅದನ್ನ ಮುಟ್ಟಬೇಡಿ" ಅಂತ ಕೂತರು. ಈ ನಾಲ್ಕೂ ಮಾತಿಗೆ ಕಾರಣ ಇತ್ತು. ನಾಲ್ಕರಲ್ಲಿ ಯಾವುದನ್ನು ಹಾಗೇ ಒಪ್ಪಿದ್ದರೂ ಫೋಟೋಗಳ ಅರ್ಧ ಬೆಲೆ ಹೋಗುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ.

ಊರಿನ ವಿಷಯ ಸ್ವಲ್ಪ

ಕುದುರೆಮುಖದ ಬೆಟ್ಟದಲ್ಲಿ ಅದಿರು ಇದೆ ಅಂತ 1913ರಲ್ಲೇ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದರು. ಗಣಿಯ ಊರು ಎದ್ದಿದ್ದು ಮಾತ್ರ 1976ರಲ್ಲಿ ಕೇಂದ್ರ ಸರ್ಕಾರ ಕಂಪನಿ ಕಟ್ಟಿದ ಮೇಲೆ. ದುಡ್ಡು ಹಾಕುತ್ತೇನೆ, ಅದಿರು ಕೊಳ್ಳುತ್ತೇನೆ ಎಂದು ಇರಾನ್ ಒಪ್ಪಂದ ಮಾಡಿಕೊಂಡಿತ್ತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಶಾ ಆಡಳಿತವೇ ಬಿದ್ದುಹೋಯಿತು. ಇಲ್ಲಿ ಗಣಿ ರೆಡಿ, ಕೊಳ್ಳುವವರು ಇಲ್ಲ. ನಮ್ಮ ದೊಡ್ಡಪ್ಪ ಕೆಲಸಕ್ಕೆ ಸೇರಿದ್ದು ಸರಿಯಾಗಿ ಆ ವರ್ಷ. ಅವರ ಮೊದಲ ಆಲ್ಬಮ್ಮಿನಲ್ಲಿ ಆ ಆತಂಕ ಎಲ್ಲೂ ಕಾಣಿಸುವುದಿಲ್ಲ. ಹೊಸ ಬಣ್ಣದ ಕ್ವಾರ್ಟರ್ಸ್ ಮುಂದೆ, ಹೊಸ ಮದುವೆಯ ಗಂಡ ಹೆಂಡತಿ, ಇಬ್ಬರ ಕೈಯಲ್ಲೂ ಛತ್ರಿ.

ಛತ್ರಿ ಇರಲೇಬೇಕು. ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಬೀಳುವ ಜಾಗ ಅದು. ಜೂನ್‌ನಲ್ಲಿ ಶುರುವಾದರೆ ತಿಂಗಳುಗಟ್ಟಲೆ ಬಟ್ಟೆ ಒಣಗದು, ಉಪ್ಪಿನ ಡಬ್ಬಿಯಲ್ಲಿ ನೀರು, ಬೀರುವಿನ ರೇಷ್ಮೆ ಸೀರೆಗೂ ಬೂಷ್ಟು. ಫೋಟೋ ಆಲ್ಬಮ್ಮಿಗೆ ಇದಕ್ಕಿಂತ ಕೆಟ್ಟ ಜಾಗ ಹುಡುಕುವುದು ಕಷ್ಟ. ಅಲ್ಲಿಂದ ಇಳಿದು ಬಂದದ್ದಾದರೂ ಎಲ್ಲಿಗೆ? ಮಂಗಳೂರಿನ ಕಡಲ ತೇವಕ್ಕೆ.

ಕಂಪನಿ ಊರಿಗೆ ಇನ್ನೊಂದು ಗುಣ ಇದೆ. ಅಲ್ಲಿ ಯಾರದೂ ಸ್ವಂತ ಮನೆ ಅಲ್ಲ. ಹಳ್ಳಿ ಮನೆಯಾದರೆ ಅಟ್ಟ ಇರುತ್ತದೆ, ದಾಯಾದಿಗಳು ಇರುತ್ತಾರೆ, ಬೇಡದ್ದನ್ನೂ ಎಲ್ಲೋ ಒಂದು ಮೂಲೆಗೆ ಸೇರಿಸಬಹುದು. ಕ್ವಾರ್ಟರ್ಸ್ ಅಂದರೆ ಕೆಲಸ ಮುಗಿದ ದಿನ ಬೀಗದ ಕೈ ವಾಪಸ್. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ರಾಷ್ಟ್ರೀಯ ಉದ್ಯಾನದೊಳಗೆ ಗಣಿ ಬೇಡ, 2005ರ ಕೊನೆಯೊಳಗೆ ಮುಚ್ಚಿ ಅಂತ. ಅದೇ ಪ್ರಕಾರ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಅಕ್ಕಪಕ್ಕದ ಮನೆಗಳ ಮಲಯಾಳಿ, ತಮಿಳು, ತೆಲುಗು, ಬಿಹಾರಿ ಸಂಸಾರಗಳೆಲ್ಲ ಒಂದೊಂದು ದಿಕ್ಕಿಗೆ ಹೋದವು. ಖಾಲಿ ಬಿದ್ದ ಎಷ್ಟೋ ಮನೆಗಳ ಮಾಡು ಈಗ ಕುಸಿದಿದೆ, ಒಳಗೆ ಗಿಡ ಬೆಳೆದಿದೆ. ಹಾಗಾಗಿ ಈ ಊರಿನ ಜನಕ್ಕೆ ಊರು ಅಂತ ಕೈಯಲ್ಲಿ ಉಳಿದಿರುವುದು ಲಾರಿಯಲ್ಲಿ ತುಂಬಿಕೊಂಡು ಬಂದಷ್ಟೇ.

ಟ್ರಂಕಿನೊಳಗೆ

ಕಪ್ಪು ಹಾಳೆಯ ಹಳೇ ಆಲ್ಬಮ್ ಒಂದು. ಮೂಲೆಗಳಿಗೆ ಅಂಟಿನ ತ್ರಿಕೋನ ಸಿಕ್ಕಿಸಿದ, ಚೌಕದ ಕಪ್ಪು ಬಿಳುಪು ಫೋಟೋಗಳು. ಆಗ್ಫಾ ಕ್ಲಿಕ್ ತ್ರೀ ಕ್ಯಾಮರಾದವು ಅಂತ ನೋಡಿದ ಕೂಡಲೇ ಹೇಳಬಹುದು. 120 ಫಿಲ್ಮಿನಲ್ಲಿ ಹನ್ನೆರಡೇ ಚಿತ್ರ, ಎಲ್ಲವೂ ಚೌಕ. ಆಮೇಲೆ 80ರ, 90ರ ದಶಕದ ಎರಡು ಅಂಟು ಆಲ್ಬಮ್. ಹಾಳೆಗೆ ಗೆರೆ ಗೆರೆಯಾಗಿ ಗೋಂದು ಬಳಿದು ಮೇಲೆ ಪ್ಲಾಸ್ಟಿಕ್ ಹೊದಿಸಿರುತ್ತಾರಲ್ಲ, ಅದು. ಕಲರ್ ಲ್ಯಾಬಿನ ಲಕೋಟೆಗಳು, ಅದರೊಳಗೆ ನೆಗೆಟಿವ್. ಗಾಜಿಗೆ ಅಂಟಿಕೊಂಡ ಒಂದು ಫ್ರೇಮ್ ಫೋಟೋ. ವಿಎಚ್‌ಎಸ್ ಕ್ಯಾಸೆಟ್ ಒಂದೆರಡು.

ಇವಲ್ಲದೆ ಸಾಮಾನು: ಹಳದಿ ಹೆಲ್ಮೆಟ್, ಒಂದು ಕಲ್ಲು, ಒಂದು ಕಬ್ಬಿಣದ ಗುಂಡು, ಹಾರ್ಲಿಕ್ಸ್ ಬಾಟಲಿ ತುಂಬ ಕಂದು ಬಣ್ಣದ ಉಂಡೆಗಳು, ಮಕ್ಕಳ ಪ್ರೋಗ್ರೆಸ್ ಕಾರ್ಡು, ಕ್ವಾರ್ಟರ್ಸ್ ಬಿಡುವಾಗ ಕೊಟ್ಟ ನೋ ಡ್ಯೂಸ್ ಪತ್ರ.

ಕೆಲವು ಫೋಟೋಗಳನ್ನು ಹಿಂದೆ ಯಾವಾಗಲೋ ಲ್ಯಾಮಿನೇಶನ್ ಮಾಡಿಸಿದ್ದರು. ಭದ್ರವಾಗಿರಲಿ ಅಂತಲೇ ಮಾಡಿಸಿದ್ದು, ಪಾಪ. ಬಿಸಿ ಪ್ಲಾಸ್ಟಿಕ್ಕಿನೊಳಗೆ ತೇವವೂ ಸಿಕ್ಕಿಕೊಂಡು ಚಿತ್ರ ಪದರ ಪದರವಾಗಿ ಎದ್ದಿದೆ. ಅದನ್ನು ಬಿಡಿಸಲು ಬರುವುದಿಲ್ಲ. ಇದ್ದ ಹಾಗೇ ಸ್ಕ್ಯಾನ್ ಮಾಡಿ ಬದಿಗಿಟ್ಟೆ.

ಮೊದಲು ಹೆಸರು, ಆಮೇಲೆ ಸ್ಕ್ಯಾನ್

ಇಂಥ ಕೆಲಸಕ್ಕೆ ಕರೆದವರು ಸಾಮಾನ್ಯವಾಗಿ ಸ್ಕ್ಯಾನರ್ ಎಲ್ಲಿ ಅಂತ ಕೇಳುತ್ತಾರೆ. ಈ ಮನೆಯಲ್ಲಿ ನಾನು ಸ್ಕ್ಯಾನರ್ ತಂದೇ ಇರಲಿಲ್ಲ. ಬೂಷ್ಟು ಹಿಡಿದ ಫೋಟೋ ಒಣ ಜಾಗದಲ್ಲಿಟ್ಟರೆ ಇನ್ನೊಂದು ವರ್ಷ ಕಾಯುತ್ತದೆ. ಎಪ್ಪತ್ತು ದಾಟಿದ ದೊಡ್ಡಮ್ಮನ ನೆನಪು ಕಾಯುತ್ತದೆಯೇ? ಫೋಟೋಗಳ ಹಿಂದೆ ಒಂದಕ್ಷರ ಬರೆದಿರಲಿಲ್ಲ. ಮೂವರು ಮಕ್ಕಳಿಗೂ ತಮ್ಮ ಮನೆಯವರನ್ನು ಬಿಟ್ಟು ಬೇರೆ ಮುಖ ಗೊತ್ತಿರಲಿಲ್ಲ. ಮೂರು ಪಾಲು ಮಾಡುವುದಾಗಲಿ, ಡ್ರೈವ್‌ಗೆ ಹಾಕುವುದಾಗಲಿ, ಹೆಸರಿಲ್ಲದ ಮುಖಗಳನ್ನೇ ಹಂಚಿಕೊಂಡ ಹಾಗೆ.

"ಮುಟ್ಟಬೇಡಿ" ಅಂದಿದ್ದ ದೊಡ್ಡಮ್ಮ, "ನೀವೇ ಪುಟ ತಿರುಗಿಸಿ, ನಾನು ಮುಟ್ಟಲ್ಲ" ಅಂತ ನಾನು ಹೇಳಿದಾಗ ಒಪ್ಪಿದರು. ಮಧ್ಯಾಹ್ನದ ಕಾಫಿ ಆದ ಮೇಲೆ ಕೂರುವುದು, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಪಕ್ಕಕ್ಕಿಡುವುದು. ಮೊದಮೊದಲು "ಇದು ಯಾರು ದೊಡ್ಡಮ್ಮ?" ಅಂತ ಕೇಳುತ್ತಿದ್ದೆ. "ಯಾರೋ ಮಾರಾಯ, ಮರ್ತೋಯ್ತು" ಅನ್ನುತ್ತಿದ್ದರು. "ಇದು ಯಾರ ಮನೆ ಮುಂದೆ ತೆಗೆದಿದ್ದು?" ಅಂತ ಕೇಳಿದರೆ ಬಾಗಿಲೇ ತೆರೆಯಿತು. ಅವರ ತಲೆಯಲ್ಲಿ ಊರು ಸಾಲು ಸಾಲು ಮನೆಗಳಾಗಿ ಇದೆ. ಇದು ನಮ್ಮ ಸಾಲಿನ ಕೊನೆಯದು, ಪಕ್ಕದಲ್ಲಿ ನರ್ಸಮ್ಮ, ಅವರ ಎದುರು ಶಿವಮೊಗ್ಗದವರು, ಅವರ ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ. ಮನೆ ಸಿಕ್ಕರೆ ಜನ ತಾವಾಗಿ ಬರುತ್ತಾರೆ.

ಒಂದು ಫೋಟೋ ಹೇಳಬೇಕು. ಅಂಟು ಆಲ್ಬಮ್ಮಿನದು, ಕಲರ್, ಪೂರ್ತಿ ಕೆಂಪಗೆ ತಿರುಗಿದೆ. ಮೆಟ್ಟಿಲ ಮೇಲೆ ನಾಲ್ಕು ಹೆಣ್ಣುಮಕ್ಕಳು, ನಾಲ್ವರಿಗೂ ಒಂದೇ ಹೂವಿನ ಬಟ್ಟೆಯ ಫ್ರಾಕು. ಇದನ್ನು ನೋಡಿದ ದೊಡ್ಡ ಮಗ ವಿಡಿಯೋ ಕಾಲಿನಲ್ಲಿ, "ಇದು ಯಾರೋ ಅಕ್ಕ ತಂಗಿಯರು, ನಮ್ಮದಲ್ಲ, ತೆಗೆದುಬಿಡಿ" ಅಂದ. ದೊಡ್ಡಮ್ಮ ನಕ್ಕರು. ಬಲಗಡೆಯಿಂದ ಎರಡನೆಯವಳು ಅವನ ತಂಗಿಯೇ. ಉಳಿದ ಮೂವರು ಒಬ್ಬೊಬ್ಬರು ಒಂದೊಂದು ಮನೆಯವರು, ಒಂದೊಂದು ಭಾಷೆಯವರು. ಆ ಸಲ ಯಾರೋ ಕಾರ್ಕಳಕ್ಕೆ ಹೋದವರ ಕೈಲಿ ಇಡೀ ಸಾಲಿನವರು ದುಡ್ಡು ಕೂಡಿಸಿ ಒಂದೇ ಥಾನಿನ ಬಟ್ಟೆ ತರಿಸಿದ್ದರು. ಪಕ್ಕದ ಮನೆ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಬಂದು ನಾಲ್ಕು ಫ್ರಾಕು ಹೊಲಿದರು. ಯಾರ ಫೋಟೋ ಅವರಿಗೆ ಅಂತ ಪಾಲು ಮಾಡಿದ್ದರೆ ಇದು ಯಾರ ಪಾಲಿಗೂ ಬರುತ್ತಿರಲಿಲ್ಲ. ನನ್ನ ಕೇಳಿದರೆ ಇಡೀ ಟ್ರಂಕಿನಲ್ಲಿ ಆ ಊರನ್ನು ಸರಿಯಾಗಿ ಹಿಡಿದ ಫೋಟೋ ಇದೇ.

ಇದಾದ ಮೇಲೆ ದೊಡ್ಡ ಮಗ ಪಾಲಿನ ಮಾತೆತ್ತಲಿಲ್ಲ.

ತಾರೀಖಿನದು ಬೇರೆ ಕಥೆ. 90ರ ದಶಕದ ಆಟೋ ಕ್ಯಾಮರಾಗಳು ಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ ತಾರೀಖು ಮುದ್ರಿಸುತ್ತಿದ್ದವು. ಜನ ಅದನ್ನು ಕಣ್ಣು ಮುಚ್ಚಿ ನಂಬುತ್ತಾರೆ. ಇಲ್ಲಿ ಒಂದು ರೋಲಿನ ಅಷ್ಟೂ ಫೋಟೋಗಳಲ್ಲಿ 87ರ ಜನವರಿ 1 ಅಂತಿದೆ. ಚಿತ್ರದಲ್ಲಿ ನೋಡಿದರೆ ಸೂರಿನಿಂದ ನೀರು ಧಾರೆಯಾಗಿ ಸುರಿಯುತ್ತಿದೆ, ಮಕ್ಕಳು ರೇನ್‌ಕೋಟಿನಲ್ಲಿ. ಜನವರಿಯಲ್ಲಿ ಅಂಥ ಮಳೆ ಎಲ್ಲಿಯದು? ಸಾಲದ್ದಕ್ಕೆ ಮುಂದೆ ನಿಂತು ಹಲ್ಲು ಕಿರಿಯುತ್ತಿರುವ ಚಿಕ್ಕವನು ಹುಟ್ಟಿದ್ದೇ 1989ರಲ್ಲಿ. ಬ್ಯಾಟರಿ ಬದಲಾಯಿಸಿದಾಗ ತಾರೀಖು ಮೊದಲಿಗೆ ಹೋಗಿದೆ, ಸರಿ ಮಾಡುವ ಗೋಜಿಗೆ ಯಾರೂ ಹೋಗಿಲ್ಲ. ಬೆನ್ನಿಗೆ ಹೊಸ ಸ್ಕೂಲ್ ಬ್ಯಾಗು ಇದೆ, ಪ್ರೋಗ್ರೆಸ್ ಕಾರ್ಡಿನಲ್ಲಿ ಒಂದನೇ ಕ್ಲಾಸಿನ ವರ್ಷ ಇದೆ. ಎರಡನ್ನೂ ಸೇರಿಸಿ 1995ರ ಜೂನ್ ಅಂತ ಗುರುತು ಹಾಕಿದೆವು.

ಕೈಕೆಲಸ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮಲೆನಾಡು, ಕರಾವಳಿಯ ಮನೆ ಮನೆಯ ಪಾಡು ಇದು.

ಬೂಷ್ಟು ಹಿಡಿದ ಫೋಟೋವನ್ನು ಒದ್ದೆ ಬಟ್ಟೆಯಲ್ಲಿ ಒರೆಸಲೇಬಾರದು. ಚಿತ್ರ ಇರುವುದು ಜೆಲಟಿನ್ ಪದರದಲ್ಲಿ. ಬೂಷ್ಟು ಅದನ್ನೇ ತಿಂದಿರುತ್ತದೆ. ನೀರು ತಾಗಿದರೆ ಬಣ್ಣ ಬಟ್ಟೆಗೆ ಬರುತ್ತದೆ. ಬಿಸಿಲಿಗೂ ಹಾಕಬಾರದು, ಸುರುಳಿ ಸುತ್ತಿಕೊಂಡು ಬಿರಿಯುತ್ತದೆ. ನಾವು ಕೆಲಸ ಇಟ್ಟುಕೊಂಡಿದ್ದು ಮಳೆ ಬಿಟ್ಟ ಮೇಲೆ. ನೆರಳಲ್ಲಿ, ಫ್ಯಾನ್ ಗಾಳಿಗೆ ಹರಡಿ, ಪೂರ್ತಿ ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್ಷಿನಿಂದ ಹೊರಗಡೆ ಕೊಡವಿದ್ದು.

ಅಂಟು ಆಲ್ಬಮ್ಮಿನಲ್ಲಿ ಮೊದಲು ಪ್ರತಿ ಪುಟದ ಫೋಟೋ ತೆಗೆದುಕೊಂಡೆ. ಯಾವ ಚಿತ್ರದ ಪಕ್ಕ ಯಾವುದು ಇತ್ತು ಅನ್ನುವುದೂ ಸಾಕ್ಷಿಯೇ. ಆಮೇಲೆ ಹಲ್ಲು ತಿಕ್ಕುವ ನೂಲು, ಮೆಡಿಕಲ್ ಶಾಪಿನಲ್ಲಿ ಫ್ಲಾಸ್ ಅಂತ ಸಿಗುತ್ತದಲ್ಲ, ಅದನ್ನು ಫೋಟೋ ಹಿಂದೆ ತೂರಿಸಿ ಗರಗಸದ ಹಾಗೆ ನಿಧಾನ ಎಳೆಯುವುದು. ಹೆಚ್ಚಿನವು ಬಿಟ್ಟುಬಂದವು. ಬಿಡದವನ್ನು ಬಲವಂತ ಮಾಡಲಿಲ್ಲ, ಪುಟದ ಮೇಲೇ ಸ್ಕ್ಯಾನ್. ಗಾಜಿಗೆ ಅಂಟಿದ ಫ್ರೇಮ್ ಫೋಟೋವನ್ನೂ ಗಾಜಿನ ಸಮೇತವೇ. ಕಿತ್ತರೆ ದೊಡ್ಡಪ್ಪನ ಮುಖ ಗಾಜಿನ ಮೇಲೇ ಉಳಿಯುತ್ತಿತ್ತು.

ಕಪ್ಪು ಬಿಳುಪಿನವು ನಲವತ್ತು ವರ್ಷ ದಾಟಿದರೂ ಗಟ್ಟಿ. ಕಲರ್ ಪ್ರಿಂಟುಗಳೇ ಕೆಂಪಾಗಿರುವುದು. ಆ ಕಾಲದ ಕಾಗದದಲ್ಲಿ ನೀಲಿ ಹಸಿರಿನ ಬಣ್ಣ ಕತ್ತಲಲ್ಲಿಟ್ಟರೂ ಬೇಗ ಮಾಸುತ್ತದೆ, ಉಳಿದದ್ದು ಕೆಂಪಾಗಿ ಕಾಣುತ್ತದೆ. ಅದಕ್ಕೇ ಲ್ಯಾಬ್ ಲಕೋಟೆಯ ನೆಗೆಟಿವ್‌ಗಳು ಸಿಕ್ಕಿದ್ದು ದೊಡ್ಡ ಲಾಭ. ಮಗಳು ಇವನ್ನೇ ಮೊದಲು ಕಸಕ್ಕೆ ಹಾಕಲು ತೆಗೆದಿಟ್ಟಿದ್ದಳು! ಫ್ರಾಕಿನ ಫೋಟೋದ ನೆಗೆಟಿವ್ ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು, ಬಟ್ಟೆ ಕೆಂಪಲ್ಲ, ತಿಳಿ ನೀಲಿ.

ಪ್ರಿಂಟುಗಳಿಗೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ, ನೆಗೆಟಿವ್‌ಗೆ 3200. ಟಿಫ್ ಫೈಲ್ ಒಂದು ಎತ್ತಿಡಲು, ಜೆಪೆಗ್ ಒಂದು ಕಳಿಸಲು. ಹಿಂಬದಿಗೆ ಬಾಲ್‌ಪೆನ್ನಿನಲ್ಲಿ ಬರೆಯಲಿಲ್ಲ, ಒತ್ತಿದ ಗುರುತು ಮುಂದೆ ಮೂಡುತ್ತದೆ. ಕಾಗದದ ಲಕೋಟೆಯ ಮೇಲೆ ಪೆನ್ಸಿಲ್ಲಿನಲ್ಲಿ ನಂಬರು. ಅದೇ ನಂಬರು ಫೈಲಿಗೆ, ಅದೇ ನಂಬರು ದೊಡ್ಡಮ್ಮನ ಮಾತಿನ ಪಟ್ಟಿಗೆ. ರಬ್ಬರ್ ಬ್ಯಾಂಡು, ಪಿನ್ನು, ನ್ಯೂಸ್‌ಪೇಪರ್ ಎಲ್ಲ ತೆಗೆದಿದ್ದಾಯಿತು.

ಕಲ್ಲು, ಗುಂಡು, ಉಂಡೆ

ಸಾಮಾನುಗಳ ಬಗ್ಗೆ ಯಾರಿಗೂ ಆಸಕ್ತಿ ಇರಲಿಲ್ಲ. ಕಲ್ಲನ್ನು ಹೂಕುಂಡದಲ್ಲಿ ಇಡೋಣ ಅನ್ನುವ ಯೋಚನೆ ಮಗಳದ್ದು. ಅಂಗೈ ಅಗಲದ ಕಲ್ಲು, ಕಪ್ಪು ಒಂದು ಗೆರೆ, ಬೂದು ಒಂದು ಗೆರೆ, ಹೀಗೆ ಪಟ್ಟೆ ಪಟ್ಟೆ. ಅದಕ್ಕೆ ಒಂದು ಹಳೇ ಸ್ಪೀಕರಿನ ಅಯಸ್ಕಾಂತ ಕಚ್ಚಿಕೊಂಡಿತ್ತು, ಮಕ್ಕಳ ಆಟದ್ದು. ಕಪ್ಪು ಪಟ್ಟೆ ಮ್ಯಾಗ್ನೆಟೈಟ್ ಅನ್ನುವ, ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಖನಿಜ, ಬೂದು ಪಟ್ಟೆ ಬೆಣಚು ಕಲ್ಲು. ಕಬ್ಬಿಣದ ಅಂಶ ಕಡಿಮೆ ಇರುವ ಅದಿರು ಇದು, ಬಳ್ಳಾರಿಯ ಹಾಗೆ ಅಗೆದು ಲಾರಿಗೆ ತುಂಬಿದರೆ ಯಾರೂ ಕೊಳ್ಳುವುದಿಲ್ಲ. ನುಣ್ಣಗೆ ಅರೆದು ಕಬ್ಬಿಣದ ಪುಡಿಯನ್ನು ಬೇರೆ ಮಾಡಬೇಕು. ಅರೆಯುವ ಗಿರಣಿಯೊಳಗೆ ಉರುಳುತ್ತಿದ್ದದ್ದೇ ಆ ಕಬ್ಬಿಣದ ಗುಂಡು. ಸವೆದು ಸವೆದು ಒಂದು ಕಡೆ ಚಪ್ಪಟೆಯಾಗಿದೆ. ಪುಡಿಯನ್ನು ನೀರಿನಲ್ಲಿ ಕಲಸಿ, ಘಟ್ಟದಿಂದ ಮಂಗಳೂರಿನ ಪಣಂಬೂರು ಬಂದರಿನ ತನಕ 67 ಕಿಲೋಮೀಟರ್ ಪೈಪಿನಲ್ಲಿ ಹರಿಸುತ್ತಿದ್ದರು. ಅಲ್ಲಿ ನೀರು ಸೋಸಿ, ಉಂಡೆ ಕಟ್ಟಿ, ಸುಟ್ಟು ಹಡಗಿಗೆ. ಹಾರ್ಲಿಕ್ಸ್ ಬಾಟಲಿಯಲ್ಲಿರುವುದು ಆ ಉಂಡೆ.

ದೊಡ್ಡಪ್ಪ ಕೆಲಸ ಮಾಡುತ್ತಿದ್ದದ್ದು ಅರೆಯುವ ವಿಭಾಗದಲ್ಲಿ. ಮೂರನ್ನೂ ಸಾಲಾಗಿ ಮೇಜಿನ ಮೇಲಿಟ್ಟು ಹೇಳಿದಾಗ ಚಿಕ್ಕವನು ಮೊದಲ ಸಲ ಬಾಯಿ ಬಿಟ್ಟ: "ಅಪ್ಪ ಪ್ಲಾಂಟ್‌ಗೆ ಹೋಗ್ತಾರೆ ಅಂತಷ್ಟೇ ನಮಗೆ ಗೊತ್ತಿತ್ತು." ಈಗ ಮೂರೂ ಒಂದೇ ಡಬ್ಬಿಯಲ್ಲಿ, ಪಕ್ಕದಲ್ಲಿ ಒಂದು ಚೀಟಿ. ಅಯಸ್ಕಾಂತ ಮಾತ್ರ ಬೇರೆ ಕಡೆ. ಇಷ್ಟು ವರ್ಷ ಅದು ವಿಎಚ್‌ಎಸ್ ಕ್ಯಾಸೆಟ್ ಜೊತೆಗೇ ಟ್ರಂಕಿನಲ್ಲಿತ್ತು. ಅಯಸ್ಕಾಂತ ತೀರಾ ಹತ್ತಿರ ಬಂದರೆ ಟೇಪಿನಲ್ಲಿರುವುದು ಅಳಿಸಿಹೋಗಬಹುದು.

ಮನೆ ಖಾಲಿ ಮಾಡಿದ ದಿನದ ಒಂದು ಫೋಟೋವೂ ಇಲ್ಲ. ಆ ಹೊತ್ತಿನಲ್ಲಿ ಯಾರಿಗೆ ಬೇಕು ಕ್ಯಾಮರಾ. ಅದರ ಬದಲು ನೋ ಡ್ಯೂಸ್ ಪತ್ರ ಇದೆ. ಫ್ಯಾನು ಎಷ್ಟು, ಹೋಲ್ಡರ್ ಎಷ್ಟು, ನಲ್ಲಿ ಎಷ್ಟು, ಗಾಜು ಒಡೆದ ಕಿಟಕಿ ಯಾವುದು, ಎಲ್ಲಾ ರೂಮುವಾರು ಬರೆದಿದ್ದಾರೆ. ಮಗಳು ಅದನ್ನು ಮುಂದಿಟ್ಟುಕೊಂಡು ಮನೆಯ ನಕ್ಷೆ ಬರೆದಳು. ದೊಡ್ಡಮ್ಮ ಅದರಲ್ಲಿ ತುಂಬಿಸಿದರು: ಇಲ್ಲಿ ಹೀಟರ್, ಅದರ ಮೇಲೆ ಮಳೆಗಾಲದಲ್ಲಿ ಬಟ್ಟೆಯ ಹಗ್ಗ, ಇಲ್ಲಿ ದೇವರು, ಈ ಕಿಟಕಿಯಿಂದ ನರ್ಸಮ್ಮನ ಹತ್ತಿರ ಮಾತು.

ಭದ್ರೆಯ ಫೋಟೋ

ಒಂದು ಫೋಟೋಕ್ಕೆ ಜಗಳವೇ ಆಯಿತು. ಭದ್ರಾ ನದಿ ದಂಡೆಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದಾರೆ. ಹಿಂದೆ ನದಿ, ಕೆಂಪು ಮಣ್ಣಿನ ಬಣ್ಣ. ಇದು ನೆಗೆಟಿವ್‌ನಿಂದ ತೆಗೆದ ಚಿತ್ರ, ಕಾಗದ ಮಾಸಿ ಕೆಂಪಾದದ್ದಲ್ಲ. ಮಗಳು ಅಂದಳು, "ಗಣಿ ಮಣ್ಣು ಅಂತ ಬರೀರಿ." ದೊಡ್ಡಮ್ಮ, "ಮಳೆ ಬಂದ್ರೆ ಹೊಳೆ ಕೆಂಪಾಗ್ದೆ ಇನ್ನೇನಾಗತ್ತೆ, ನಿಮ್ಮಪ್ಪ ಯಾವಾಗಲೂ ಹಾಗೇ ಹೇಳೋರು" ಅಂದರು. ಗಣಿಯ ಮಣ್ಣು ಭದ್ರೆಗೆ ಸೇರಿ ಹೂಳಾಗುತ್ತದೆ ಅನ್ನುವುದು ಆ ಕಾಲದ ಹೋರಾಟದ, ಕೋರ್ಟ್ ಕೇಸಿನ ಮುಖ್ಯ ವಾದಗಳಲ್ಲಿ ಒಂದು. ಮಗಳು ಕಾಲೇಜಿನಲ್ಲಿದ್ದಾಗ ಆ ಹೋರಾಟದ ಪರ ಇದ್ದವಳು. ಅಪ್ಪನ ಸಂಬಳ ಆ ಗಣಿಯದು. ಮನೆಯಲ್ಲಿ ಆಗ ಎಷ್ಟು ಊಟದ ಹೊತ್ತು ಕೆಟ್ಟಿರಬೇಕು!

ಶೀರ್ಷಿಕೆಯಲ್ಲಿ ತೀರ್ಪು ಕೊಡುವುದು ನನ್ನ ಕೆಲಸ ಅಲ್ಲ. ಇಬ್ಬರ ಮಾತನ್ನೂ ಇಬ್ಬರ ಹೆಸರಿನಲ್ಲೇ ಬರೆದೆ. ಚಿತ್ರ ಯಾವ ತಿಂಗಳಿನದು ಅಂತ ಗೊತ್ತಾಗಿದ್ದರೆ ಸ್ವಲ್ಪ ಸುಳಿವು ಸಿಗುತ್ತಿತ್ತು, ಬೇಸಿಗೆಯಲ್ಲೂ ನೀರು ಹೀಗೇ ಇದ್ದರೆ ಮಳೆಯ ಮಾತು ನಿಲ್ಲುವುದಿಲ್ಲ. ರೋಲಿನ ಬೇರೆ ಚಿತ್ರಗಳಲ್ಲೂ ಗುರುತು ಸಿಗಲಿಲ್ಲ.

ಕೊನೆಗೆ ಆದದ್ದು

ಒರಿಜಿನಲ್ ಎಲ್ಲವೂ ಒಟ್ಟಿಗೇ ಉಳಿದವು. ಇರುವುದು ಬೆಂಗಳೂರಿನ ಮಗಳ ಮನೆಯಲ್ಲಿ, ಅಲ್ಲಿ ಹವೆ ಒಣ. ಇದು ದೊಡ್ಡಮ್ಮನದೇ ತೀರ್ಮಾನ. ಅವರ ಕೈಗೆ ದೊಡ್ಡ ಪ್ರಿಂಟುಗಳ ಒಂದು ಆಲ್ಬಮ್ ಮಾಡಿಸಿ ಕೊಟ್ಟೆವು, ಕನ್ನಡಕ ಇಲ್ಲದೆ ಕಾಣುವಷ್ಟು ದೊಡ್ಡದು. ಮೂವರು ಮಕ್ಕಳಿಗೂ ಪೂರ್ತಿ ಸೆಟ್ಟಿನ ಕಾಪಿ, ಜೊತೆಗೆ ಅಮ್ಮನ ಧ್ವನಿ.

ಹಳೇ ಸಾಲಿನವರ ವಾಟ್ಸಾಪ್ ಗುಂಪು ಒಂದಿದೆ. ಅದಕ್ಕೆ ಎಲ್ಲವನ್ನೂ ಸುರಿಯಲಿಲ್ಲ. ಬೇರೆ ಮನೆಯ ಮಕ್ಕಳು ಸ್ನಾನ ಮಾಡುವುದು, ಯಾರದೋ ಮನೆಯ ಸಾವಿನ ದಿನ, ಇಂಥವನ್ನು ಆಯಾ ಮನೆಯವರಿಗೆ ಮಾತ್ರ ಕಳಿಸಿ ಕೇಳಿದೆವು. ಉಳಿದವು ಗುಂಪಿಗೆ ಹೋದ ಕೂಡಲೇ ತಿದ್ದುಪಡಿ ಶುರು. ದೊಡ್ಡಮ್ಮ ಗಣೇಶನ ಹಬ್ಬ ಅಂದಿದ್ದು ಕನ್ನಡ ರಾಜ್ಯೋತ್ಸವವಂತೆ, ಹಿಂದೆ ಬಾವುಟದ ತುದಿ ಕಾಣುತ್ತದೆ ನೋಡಿ ಅಂತ ಒಬ್ಬರು. ನರ್ಸಮ್ಮನ ಮಗ ಕೇರಳದಿಂದ ಅದೇ ಫ್ರಾಕಿನ ದಿನದ ಇನ್ನೊಂದು ಫೋಟೋ ಕಳಿಸಿದ. ಅದರಲ್ಲಿ ನಾಲ್ಕು ಹುಡುಗಿಯರ ಜೊತೆ ಅವನೂ ಇದ್ದಾನೆ, ಉಳಿದ ಬಟ್ಟೆಯಲ್ಲಿ ಹೊಲಿದ ಅಂಗಿ ಹಾಕಿಕೊಂಡು.

ಬಾಕಿ ಇರುವುದು ಕ್ಯಾಸೆಟ್. ಟೇಪಿಗೆ ಬಿಳಿ ಬೂಷ್ಟು ಹಿಡಿದಿದೆ. ಹಾಗೇ ಪ್ಲೇಯರಿಗೆ ಹಾಕಿದರೆ ಹೆಡ್ಡೂ ಹೋಗುತ್ತದೆ, ಟೇಪೂ ಹರಿಯುತ್ತದೆ. ಸ್ವಚ್ಛ ಮಾಡಿ ಓಡಿಸುವವರು ಸಿಗುವ ತನಕ ಅದು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ. ದೊಡ್ಡಮ್ಮನಿಗೆ ಅದರ ಅವಸರ ಇಲ್ಲ. ದಸರಾಕ್ಕೆ ಎದುರು ಮನೆಯ ಶಿವಮೊಗ್ಗದವರು ಮಂಗಳೂರಿಗೆ ಬರುತ್ತಾರಂತೆ. ಎರಡನೇ ಆಲ್ಬಮ್ಮಿನಲ್ಲಿ ಡಂಪರಿನ ಚಕ್ರದ ಪಕ್ಕ ನಿಂತ ಗಂಡಸರು ಯಾರು ಅನ್ನುವುದು ಅವರಿಗೆ ಗೊತ್ತಿರಬಹುದು, ಅಷ್ಟರೊಳಗೆ ಆ ಪುಟದ ದೊಡ್ಡ ಪ್ರಿಂಟ್ ತಂದುಕೊಡು ಅಂತ ಮೊನ್ನೆ ಫೋನ್ ಮಾಡಿದ್ದರು.